ಸಹಿಗೆ ಮುಂಚೆ ನಿಲ್ಲುವ ಕಥೆ

ವೆಂಟಿಲೇಟರ್ ತೆಗೆಯಬಹುದೇ ಎಂಬುದನ್ನು ಉಪನ್ಯಾಸವಾಗಿ ಹೇಳಿದರೆ ಜನ ತಲೆಯಾಡಿಸಿ ಎದ್ದು ಹೋಗುತ್ತಾರೆ. ಕಥೆ ಮಾಡಿ ಓದಿದರೆ ವಾದಕ್ಕೆ ನಿಲ್ಲುತ್ತಾರೆ. ಚಿಕ್ಕಮಗಳೂರು ಕಡೆಯ ಕಥೋಲಿಕ ಧರ್ಮಕೇಂದ್ರಗಳಲ್ಲಿ (ಚರ್ಚುಗಳಲ್ಲಿ) ತಪಸ್ಸು ಕಾಲದ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ವಾರಗಳ, ಸಂಜೆಗಳಿಗೆಂದು ನಾನು ಕಥೆ ಕಟ್ಟುವ ಕ್ರಮ ಇದು. ಆ ಹೊತ್ತಿಗೆ ಅರೇಬಿಕಾ ಕಾಫಿಯ ಕೊಯ್ಲು ಮುಗಿದಿರುತ್ತದೆ. ಡಿಸೆಂಬರಿನಲ್ಲಿ ಕರೆದರೆ ಯಾರಿಗೂ ಪುರುಸೊತ್ತಿಲ್ಲ.

ಮಾದರಿ, ಬೈಬಲಿನಲ್ಲಿ ಲೂಕನ ಶುಭಸಂದೇಶದ 15ನೇ ಅಧ್ಯಾಯ. ಕಿರಿಮಗ ಮರಳಿದ, ಹಿರಿಮಗ ಮುನಿದು ಹೊರಗೇ ನಿಂತ, ತಂದೆ ಬೇಡಿಕೊಂಡ. ಹಿರಿಯವನು ಒಳಗೆ ಬಂದನೇ? ಸಾಮತಿ, ಅಂದರೆ ಯೇಸು ಹೇಳಿದ ಆ ದೃಷ್ಟಾಂತ ಕಥೆ, ಅದನ್ನು ಹೇಳುವುದೇ ಇಲ್ಲ. ನನ್ನ ಕಥೆಯೂ, ಅಪ್ಪನ ವೆಂಟಿಲೇಟರ್ ತೆಗೆಯಲು ಮನೆಯವರು ಸಹಿ ಹಾಕುವ ಗಳಿಗೆಗೆ ಮುಂಚೆ ನಿಲ್ಲುತ್ತದೆ.

ಉದ್ದ ಸಾವಿರ ಪದ, ಗಟ್ಟಿಯಾಗಿ ಓದಲು ಹತ್ತು ಹನ್ನೆರಡು ನಿಮಿಷ. ನಾಲ್ಕೇ ಪಾತ್ರ: ಮೂಡಿಗೆರೆ ತೋಟದ 78 ವರ್ಷದ ಅಪ್ಪ, ಜೊತೆಗಿದ್ದು ನೋಡಿಕೊಂಡ ಮಗಳು, ಬೆಂಗಳೂರಿನ ಮಗ, ಐಸಿಯು ನರ್ಸ್. ದುಡ್ಡಿನ ಮಾತನ್ನು ಮಗನ ಬಾಯಲ್ಲಿಟ್ಟರೆ ಕಥೆ ಕೆಟ್ಟಿತು. ಕೇಳುವವರು ಪ್ರಶ್ನೆ ಬಿಟ್ಟು ಅವನನ್ನೇ ಬೈಯುತ್ತಾರೆ. "ತೋಟ ಅಡವಿಟ್ಟು ಎಷ್ಟು ದಿನ ಅಂತ ಕಟ್ಟೋದು?" ಎಂದು ಮಗಳೇ ಕೇಳಬೇಕು. ರೋಗಿಗಳಿಗೆ ಕೊಡುವ ಅಭ್ಯಂಗ ಸಂಸ್ಕಾರವನ್ನು ವಿವರಿಸಬೇಡಿ. ಫಾದರ್ ಹಣೆಗೆ, ಅಂಗೈಗೆ ಎಣ್ಣೆ ಹಚ್ಚುವುದನ್ನು ತೋರಿಸಿದರೆ ಕ್ರೈಸ್ತರಲ್ಲದವರಿಗೂ ತಿಳಿಯುತ್ತದೆ.

ಹೆಚ್ಚು ಎಡವುವುದು ವೈದ್ಯಕೀಯ ವಿವರದಲ್ಲಿ. ಕೋಮಾ ಬೇರೆ, ಮಿದುಳುಕಾಂಡದ ಸಾವು ಬೇರೆ. ಎರಡನೆಯದರಲ್ಲೂ ಯಂತ್ರದ ಬಲದಿಂದ ಎದೆ ಏರಿಳಿಯುತ್ತದೆ, ಮೈ ಬೆಚ್ಚಗಿರುತ್ತದೆ. ಆದರೆ ಅಂಗಾಂಗ ಕಸಿಯ 1994ರ ಕಾಯ್ದೆಯ ಪ್ರಕಾರ ಅದು ಸಾವೇ. ಅಂಗದಾನಕ್ಕಾಗಿ ಅದನ್ನು ಘೋಷಿಸಲು ಆ ಕಾಯ್ದೆಯಂತೆ ನಾಲ್ವರು ವೈದ್ಯರು ಬೇಕು. ಪರೀಕ್ಷೆ ಎರಡು ಸಲ, ನಡುವೆ ಕನಿಷ್ಠ 6 ಗಂಟೆ. ಕೋಮಾ, ಮಿದುಳುಕಾಂಡದ ಸಾವು ಎರಡನ್ನೂ ಬೆರೆಸಿ ಬರೆದರೆ ಸಭೆಯಲ್ಲಿರುವ ಒಬ್ಬ ನರ್ಸ್ ಸಾಕು, ಕಥೆ ಅಲ್ಲೇ ಕುಸಿಯುತ್ತದೆ. ಅದಕ್ಕೇ ಕರಡನ್ನು ಮೊದಲು ಐಸಿಯುನಲ್ಲಿ ದುಡಿದವರ ಕೈಗೆ ಕೊಡಬೇಕು, ಆಮೇಲೆ ಫಾದರ್ ಕೈಗೆ. ಕೊನೆಗೆ ಅಪ್ಪ ಕಣ್ಣು ಬಿಡುವ ಪವಾಡವಂತೂ ಬೇಡವೇ ಬೇಡ. ಭಕ್ತಿಗೆ ಹಿತವಾಗಬಹುದು, ಚರ್ಚೆಗೆ ಬಾಗಿಲು ಮುಚ್ಚಿದಂತೆ.

ಓದು ಮುಗಿದ ಮೇಲೆ ಆರೆಂಟು ಜನರ ಗುಂಪು, ಗುಂಪಿಗೊಂದು ಪಾತ್ರ, 30 ನಿಮಿಷ. "ನೀವೇನಂತೀರಿ" ಎನ್ನದೆ "ಮಗಳು ಈಗ ಏನು ಮಾಡಬೇಕು" ಎಂದೇ ಕೇಳುತ್ತೇವೆ. ಫಾದರ್ ಕೊನೆಯವರೆಗೂ ಸುಮ್ಮನಿರಬೇಕು. ಅವರು ಮೊದಲು ಬಾಯಿ ಬಿಟ್ಟರೆ ಉಳಿದವರದು ಬರೀ "ಹೌದು ಫಾದರ್".

ಆಮೇಲೆ ಕಾಲು ಗಂಟೆ ಮಾಹಿತಿ. ಫಲಕ್ಕೆ ಮೀರಿದ ಹೊರೆಯಾಗುವ ಚಿಕಿತ್ಸೆಯನ್ನು ಬಿಡಬಹುದೆಂದು ಕಥೋಲಿಕ ಧರ್ಮಸಭೆ ಹೇಳುತ್ತದೆ. 1957ರಲ್ಲೇ 12ನೇ ಪಯಸ್ ಪೋಪರು ಬಿಡಬಹುದಾದ ಚಿಕಿತ್ಸೆ ಯಾವುದು, ಬಿಡಬಾರದ್ದು ಯಾವುದು ಎಂಬ ಭೇದವನ್ನು ಅರಿವಳಿಕೆ ವೈದ್ಯರಿಗೆ ತಿಳಿಸಿದ್ದರು. ಬೇಕೆಂದೇ ಕೊಲ್ಲುವುದಕ್ಕೆ ಒಪ್ಪಿಗೆಯಿಲ್ಲ. ಬಾಯಿಂದ ಊಟ ಸೇರದಿದ್ದರೆ ನಳಿಕೆಯ ಅನ್ನನೀರನ್ನು ಚಿಕಿತ್ಸೆಯ ಲೆಕ್ಕಕ್ಕೆ ಸೇರಿಸದೆ ತಾತ್ವಿಕವಾಗಿ ಸಾಮಾನ್ಯ ಆರೈಕೆ ಎಂದು ಅದು ಎಣಿಸುತ್ತದೆ. ಬಿಸಿ ಏರುವುದು ಈ ನಳಿಕೆಯ ವಿಷಯಕ್ಕೇ, ಸಮಯ ಇದಕ್ಕೆಂದು ಉಳಿಸಿಕೊಳ್ಳಿ.

"ಅಪ್ಪನಿಗೆ ಏನು ಬೇಕಿತ್ತು ಅಂತ ಯಾರೂ ಕೇಳಿರ್ಲಿಲ್ವಾ?" ಎಂಬ ಮಾತು ಯಾವುದಾದರೂ ಗುಂಪಿನಿಂದ ಎದ್ದ ಮೇಲೇ ಮುಂಗಡ ಇಚ್ಛಾಪತ್ರದ, ಅಂದರೆ ಮಾತು ನಿಂತ ಮೇಲೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಪತ್ರದ, ವಿಷಯ ಎತ್ತುತ್ತೇವೆ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ್ದು ಇದನ್ನು. 2023ರ ಬದಲಾವಣೆಯ ನಂತರ ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬೇಕಿಲ್ಲ.