ಕಲುಷಿತ ಕಾರ್ಖಾನೆ ನೆಲ: ಜೆಸಿಬಿ ತರಿಸುವ ಮುನ್ನ ಮಾಡಬೇಕಾದದ್ದು

ಮುಚ್ಚಿಹೋಗಿದ್ದ ಕ್ರೋಮ್ ಪ್ಲೇಟಿಂಗ್ (ಲೋಹದ ವಸ್ತುಗಳಿಗೆ ಕ್ರೋಮಿಯಂ ಲೇಪಿಸುವ) ಘಟಕವೊಂದರ ಅಂಗಳದಿಂದ ಎರಡು ಅಡಿ ಮಣ್ಣು ತೆಗೆದು, ಟಿಪ್ಪರಿಗೆ ತುಂಬಿ ಕಳಿಸಿ, ಮೇಲೆ ಜಲ್ಲಿ ಹರಡಿ ಕೆಲಸ ಮುಗಿಯಿತೆಂದು ಹೇಳಿದ್ದನ್ನು ನಾನು ಕಂಡಿದ್ದೇನೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ಬುಡದಲ್ಲಿ ಕ್ರೋಮಿಯಂನ ಹಳದಿ ಉಪ್ಪು ಮತ್ತೆ ಮೂಡಿತ್ತು. ಬೆಂಗಳೂರಿನ ಪೀಣ್ಯದಂತೆ ದಶಕಗಳಿಂದ ಪ್ಲೇಟಿಂಗ್ ನಡೆದು ಅಂತರ್ಜಲದಲ್ಲಿ ಕ್ರೋಮಿಯಂ ಕಾಣಿಸಿಕೊಂಡಿರುವ ಪ್ರದೇಶಗಳಲ್ಲಿ ಈ ತಪ್ಪಿನ ಬೆಲೆಯನ್ನು ನೀರು ಕುಡಿಯುವವರು ತೆರುತ್ತಾರೆ. ಕಲುಷಿತ ನಿವೇಶನಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮಗಳನ್ನು ಹೊರಡಿಸಿರುವುದರಿಂದ, ಕೆಲಸವನ್ನು ಕ್ರಮವಾಗಿ ಮಾಡದೆ ಬೇರೆ ದಾರಿಯೂ ಇಲ್ಲ.

ಮೊದಲು ಕಲುಷಿತವಾಗಿರಬಹುದಾದ ನಿವೇಶನಗಳ ಪಟ್ಟಿ ಮಾಡಿ: ಹಳೆಯ ಪರವಾನಗಿ ಕಡತಗಳು ಮತ್ತು ಅಲ್ಲಿ ದುಡಿದ ಹಿರಿಯ ಕೆಲಸಗಾರರ ನೆನಪು ಇದಕ್ಕೆ ಸಾಕು.

ಎರಡನೆಯದು ಆದ್ಯತೆ. ವಿಷ ಎಲ್ಲಿದೆ, ಅದು ಯಾವ ದಾರಿಯಲ್ಲಿ ಸಾಗುತ್ತದೆ, ಕೊನೆಗೆ ಯಾರನ್ನು ಮುಟ್ಟುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಪ್ರತಿ ನಿವೇಶನಕ್ಕೂ ಅಂಕ ಕೊಡಿ. ಕಲುಷಿತ ನಿವೇಶನಗಳನ್ನು ಶುದ್ಧಗೊಳಿಸಲು ಅಮೆರಿಕ ತಂದ 1980ರ ಸೂಪರ್‌ಫಂಡ್ ಕಾಯ್ದೆಯಡಿ ನೂರಕ್ಕೆ 28.5 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದ ನಿವೇಶನಗಳು ರಾಷ್ಟ್ರೀಯ ಆದ್ಯತಾ ಪಟ್ಟಿಗೆ ಅರ್ಹವಾಗುವುದು ಇಂಥದೇ ಲೆಕ್ಕದಿಂದ. ಕಣ್ಣಿಗೆ ರಾಚುವ ಕೆಸರಿನ ಗುಡ್ಡೆಗಿಂತ, ಟ್ಯಾಂಕರ್ ತುಂಬಿಸುವ ಕೊಳವೆಬಾವಿಯ ಪಕ್ಕದ ಸಣ್ಣ ಶೆಡ್ಡೇ ಮೊದಲ ಸ್ಥಾನಕ್ಕೆ ಬರಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಮೂರನೆಯದು ತುರ್ತು ತಡೆ. ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಿದ್ದರೆ ಆ ಬಾವಿಯಿಂದ ಕುಡಿಯುವುದನ್ನು ನಿಲ್ಲಿಸಿ, ಬದಲಿ ನೀರು ಕೊಡಿ. ಗುಡ್ಡೆಗಳಿಗೆ ಮಳೆಗೆ ಮುಂಚೆಯೇ ಹೊದಿಕೆ ಹಾಕಿ. ತಮಿಳುನಾಡಿನ ರಾಣಿಪೇಟೆಯಲ್ಲಿ ಮುಚ್ಚಿದ ಕ್ರೋಮೇಟ್ ಕಾರ್ಖಾನೆಯ ತ್ಯಾಜ್ಯ ದಶಕಗಳ ಕಾಲ ಬಿದ್ದಲ್ಲೇ ಬಿದ್ದು ಅಂತರ್ಜಲಕ್ಕೆ ಇಳಿದಿದೆ.

ನಾಲ್ಕನೆಯದು ತನಿಖೆ. ಬಹುತೇಕರು ಎಡವುವುದು ಇಲ್ಲಿಯೇ. ಮಣ್ಣಿನ ಮಾದರಿಯನ್ನು ಅಂಗಳದ ನಡುವಿನಿಂದ ತೆಗೆಯದೆ ತೊಟ್ಟಿಯ ಕೆಳಗೆ, ಚರಂಡಿಯ ಜೋಡಣೆಗಳಲ್ಲಿ, ನೆಲದ ಬಿರುಕುಗಳ ಬಳಿ, ಪ್ರತಿ ಅರ್ಧ ಮೀಟರ್ ಆಳಕ್ಕೊಂದರಂತೆ ಶಿಥಿಲ ಬಂಡೆ ಸಿಗುವವರೆಗೂ ತೆಗೆಯಬೇಕು. ಐದು ಕಡೆಯ ಮಣ್ಣನ್ನು ಒಂದೇ ಚೀಲದಲ್ಲಿ ಕಲಸಿದರೆ ಪರೀಕ್ಷೆಯ ಖರ್ಚು ಉಳಿಯುತ್ತದೆ, ಆದರೆ ತೀವ್ರವಾಗಿ ಕೆಟ್ಟ ಜಾಗ ಸರಾಸರಿಯಲ್ಲಿ ಅಡಗಿಹೋಗುತ್ತದೆ. ಆದ್ದರಿಂದ ಹಾಗೆ ಮಾಡಲೇಬೇಡಿ. ಹೋಲಿಕೆಗೆಂದು ಇಳಿಜಾರಿನ ಮೇಲ್ಗಡೆಯ, ಕಾರ್ಖಾನೆಯ ಸೋಂಕಿಲ್ಲದ ಮಣ್ಣನ್ನೂ ಕಳಿಸಿ.

ನೀರಿನ ವಿಷಯದಲ್ಲಿ ಹಳೆಯ ಕೊಳವೆಬಾವಿಯೊಂದನ್ನೇ ನಂಬಬಾರದು. ನೂರಾರು ಅಡಿ ಆಳದ ಬಾವಿಗೆ ಹಲವು ಬಿರುಕುಗಳಿಂದ ನೀರು ಬರುವುದರಿಂದ ಕೆಟ್ಟ ನೀರು ಒಳ್ಳೆಯ ನೀರಿನೊಡನೆ ಬೆರೆತು, ವರದಿಯಲ್ಲಿ ಅಂಕಿ ಇಳಿದು ಕಾಣುತ್ತದೆ. ನಿಗದಿತ ಆಳದಲ್ಲಿ ಮಾತ್ರ ತೂತುಗಳಿರುವ ಪೈಪ್ ಇಳಿಸಿ, ಅದರ ಮೇಲ್ಭಾಗವನ್ನು ನೀರಿಗೆ ಉಬ್ಬುವ ಜೇಡಿಮಣ್ಣಾದ ಬೆಂಟೊನೈಟ್‌ನಿಂದ ಮುಚ್ಚಿದ ಪ್ರತ್ಯೇಕ ನಿಗಾ ಬಾವಿಗಳು ಕನಿಷ್ಠ ಮೂರಾದರೂ ಬೇಕು. ಅವು ಒಂದೇ ಸಾಲಿನಲ್ಲಿರದೆ ತ್ರಿಕೋನದಂತಿದ್ದರೆ ಮಾತ್ರ ನೀರು ಹರಿಯುವ ದಿಕ್ಕನ್ನು ಲೆಕ್ಕ ಹಾಕಬಹುದು. ನಮ್ಮ ಗಟ್ಟಿ ಬಂಡೆಯ ಸೀಮೆಯಲ್ಲಿ ನೀರು ಬಿರುಕುಗಳನ್ನು ಹಿಡಿದು ಸಾಗುವುದರಿಂದ ನೆಲದ ಇಳಿಜಾರನ್ನಷ್ಟೇ ನೋಡಿ ದಿಕ್ಕು ತೀರ್ಮಾನಿಸಬೇಡಿ.

ಬಾಟಲಿಯದು ಇನ್ನೊಂದು ಪ್ರಮಾದ. ಲೋಹ ಪರೀಕ್ಷೆಗೆ ಪ್ರಯೋಗಾಲಯ ಕೊಡುವ ಬಾಟಲಿಯಲ್ಲಿ ಸಾಮಾನ್ಯವಾಗಿ ನೈಟ್ರಿಕ್ ಆಮ್ಲದ ಹನಿಗಳಿರುತ್ತವೆ. ಹೆಚ್ಚು ವಿಷಕಾರಿಯಾದ ಹೆಕ್ಸಾವೇಲೆಂಟ್ ಕ್ರೋಮಿಯಂ ಆಮ್ಲದಲ್ಲಿ ಟ್ರೈವೇಲೆಂಟ್ ರೂಪಕ್ಕೆ ತಿರುಗಬಲ್ಲದಾದ್ದರಿಂದ, ನೀರು ಹಳದಿಯಾಗಿದ್ದರೂ ವರದಿಯಲ್ಲಿ ಅದರ ಅಂಕಿ ತೀರಾ ಕಡಿಮೆ ಬರಬಹುದು. ಆಮ್ಲವಿಲ್ಲದ ಬಾಟಲಿಗೆ ಸ್ಥಳದಲ್ಲೇ ಸೋಸಿ ತುಂಬಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ಪರೀಕ್ಷೆಗೆ ಒಪ್ಪಿಸಿ. ಒಟ್ಟು ಕ್ರೋಮಿಯಂ ಅನ್ನು ಬೇರೆ ಬಾಟಲಿಯಲ್ಲಿ ಅಳೆಯಿಸಿ ಎರಡನ್ನೂ ತಾಳೆ ನೋಡಿ.

ಐದನೆಯದು ಚಿಕಿತ್ಸೆ. ತೀವ್ರವಾಗಿ ಕೆಟ್ಟ ಭಾಗವನ್ನು ಅಗೆದು ಅಪಾಯಕಾರಿ ತ್ಯಾಜ್ಯದ ಭೂಭರ್ತಿಗೆ ದಾಖಲೆಸಹಿತ ಕಳಿಸಿ, ಉಳಿದದ್ದನ್ನು ಇದ್ದಲ್ಲೇ ಸರಿಪಡಿಸುವುದೇ ಲೇಸು. ಕಬ್ಬಿಣದ ಲವಣವಾದ ಫೆರಸ್ ಸಲ್ಫೇಟ್ ಹೆಕ್ಸಾವೇಲೆಂಟ್ ಕ್ರೋಮಿಯಂ ಅನ್ನು ಕಡಿಮೆ ಕರಗುವ ರೂಪಕ್ಕೆ ತರುತ್ತದೆ. ಅದನ್ನು ನೆಲದ ಮೇಲೆ ಎರಚಿದರೆ ಪ್ರಯೋಜನವಿಲ್ಲ. ಆ ನೆಲದ ಮಣ್ಣಿನಲ್ಲೇ ಪ್ರಮಾಣವನ್ನು ಪರೀಕ್ಷಿಸಿ, ಆಳಕ್ಕೆ ಬೆರೆಸಬೇಕು. ಲೋಹವನ್ನು ತಿಂದು ಮುಗಿಸುವ ಬ್ಯಾಕ್ಟೀರಿಯಾ ಎಂದು ಮಾರುವ ಪುಡಿಯನ್ನು ಕೊಳ್ಳಬೇಡಿ. ಲೋಹ ಮೂಲಧಾತು, ಅದರ ರೂಪವನ್ನು ಬದಲಿಸಬಹುದು, ಅದನ್ನು ಇಲ್ಲವಾಗಿಸಲಾಗದು.

ಅಗೆದ ಗುಂಡಿಯನ್ನು ಮುಚ್ಚುವ ಮೊದಲು ಅದರ ತಳ ಮತ್ತು ಗೋಡೆಗಳ ಮಾದರಿ ಪರೀಕ್ಷಿಸಿ. ಬಳಕೆಯಿಲ್ಲದ ಕೊಳವೆಬಾವಿಗಳು ವಿಷಕ್ಕೆ ಕೆಳಗಿಳಿಯುವ ದಾರಿಯಾಗುವುದರಿಂದ ಅವುಗಳಿಗೆ ತಳದಿಂದ ಮೇಲಿನವರೆಗೆ ಸಿಮೆಂಟ್ ತುಂಬಿಸಿ. ನಿಗಾ ಬಾವಿಗಳ ನೀರನ್ನು ಮಳೆಗಾಲದ ಮುಂಚೆ ಮತ್ತು ನಂತರ, ಹಲವು ವರ್ಷ ಅಳೆಯುತ್ತಲೇ ಇರಬೇಕು. ಅವುಗಳ ಬಾಯಿಗೆ ಬೀಗ ಹಾಕಿ, ಸಂಖ್ಯೆ ಬರೆದು, ನಕ್ಷೆಯನ್ನು ನಿವೇಶನದ ಪತ್ರಗಳ ಜೊತೆಗಿಡಿ. ಹೊಸ ಮಾಲೀಕರು ತಿಳಿಯದೆ ಹಾಕಿಸಿದ ಕಾಂಕ್ರೀಟಿನಡಿ ಇಂಥ ಬಾವಿಯೊಂದು ಹೂತುಹೋದುದನ್ನು ನಾನು ನೋಡಿದ್ದೇನೆ.