ಕಾಫಿ ಕೊಯ್ಲಿನ ನಡುವೆ ಒಂದು ಅಟ್ಲಾಂಟಿಕ್ ಬಿರುಗಾಳಿ

ಕೊಡಗಿನ ತೋಟದವರಿಗೆ ಮಳೆ ಲೆಕ್ಕ ಇಡುವುದು ರಕ್ತದಲ್ಲೇ ಬಂದದ್ದು. ಮಳೆಗಾಲದಲ್ಲಿ ಫೋನ್ ಎತ್ತಿದರೆ ಮೊದಲ ಪ್ರಶ್ನೆಯೇ ‘ನಿಮ್ಮಲ್ಲಿ ಎಷ್ಟು ಸೆಂಟ್?’. ಸೆಂಟ್ ಅಂದರೆ ಒಂದು ಇಂಚು ಮಳೆಯ ನೂರನೇ ಒಂದು ಭಾಗ. ನನ್ನ ಹುಚ್ಚು ಸ್ವಲ್ಪ ಜಾಸ್ತಿ. ಸುಂಟಿಕೊಪ್ಪದ ಹತ್ತಿರ ಕೂತು ಅಟ್ಲಾಂಟಿಕ್ ಸಾಗರದ ಬಿರುಗಾಳಿಗಳನ್ನೂ ನೋಡುತ್ತೇನೆ.

ಅಲ್ಲಿನ ಸೀಸನ್ ಜೂನ್ 1ರಿಂದ ನವೆಂಬರ್ 30ರವರೆಗೆ. ಆಮೇಲೆ ಹುಟ್ಟುವವೇ ನನಗೆ ಇಷ್ಟ. 2016ರ ಜನವರಿಯಲ್ಲಿ, ರೋಬಸ್ಟಾ ಕೊಯ್ಲಿನ ಹೊತ್ತಿಗೆ, ಅಂಥದ್ದೊಂದು ಸಿಕ್ಕಿತು. ಬಹಾಮಾಸ್ ಕಡೆಯಿಂದ ಹೊರಟು ಬರ್ಮುಡಾ ಬಳಿ ಹಾದು ಪೂರ್ವಕ್ಕೆ ಸಾಗಿದ ಒಂದು ಚಳಿಗಾಲದ ವಾಯುಭಾರ ಕುಸಿತ.

ಉಪಗ್ರಹ ಚಿತ್ರದಲ್ಲಿ ಮೋಡ ಚಂದವಾಗಿ ಸುತ್ತಿದ ಮಾತ್ರಕ್ಕೆ ಅದು ಉಷ್ಣವಲಯದ ಬಿರುಗಾಳಿಯ ಹಾಗೆ ಬದಲಾಗುತ್ತಿದೆ ಅಂತ ನಾನು ನಂಬುವುದಿಲ್ಲ. ಚಳಿಗಾಲದ ಬಿರುಗಾಳಿಗಳೂ ಚೆನ್ನಾಗಿಯೇ ಸುತ್ತುತ್ತವೆ. ಮೊದಲು ನೋಡುವುದು ಬಾಲ. ತಣ್ಣನೆ ಗಾಳಿ, ಬಿಸಿ ಗಾಳಿ ಸೇರುವ ಕಡೆ ಉದ್ದಕ್ಕೆ ಹರಡಿದ ಮೋಡದ ಸಾಲು ಕಳಚಿಕೊಂಡಿತಾ? ಆಮೇಲೆ ಗುಡುಗು ಮೋಡಗಳು ಕೇಂದ್ರದ ಹತ್ತಿರ ಬಂದವಾ? ಚಳಿಗಾಲದ ಬಿರುಗಾಳಿಗೂ ಉಷ್ಣವಲಯದ ಬಿರುಗಾಳಿಗೂ ನಡುವಿನದಾದ ಉಪೋಷ್ಣ ಬಿರುಗಾಳಿಯಲ್ಲಿ ಜೋರು ಗಾಳಿ ಸಾಮಾನ್ಯವಾಗಿ ಕೇಂದ್ರದಿಂದ ದೂರ ಇರುತ್ತದೆ. ಅದು ಒಳಗೆ ಸರಿಯುತ್ತಾ ಬಂದರೆ ವಿಷಯ ಬೇರೆ, ಉಷ್ಣವಲಯದ ಲಕ್ಷಣ ಬರುತ್ತಿದೆ ಅಂತ. ಇದಕ್ಕೆ ಮೆಟ್‌ಆಪ್ ಉಪಗ್ರಹದಲ್ಲಿರುವ ಆಸ್ಕ್ಯಾಟ್ ಅನ್ನುವ ರೇಡಾರ್ ಉಪಕರಣ ಬೇಕು. ಅದು ಸಮುದ್ರದ ಮೇಲಿನ ಗಾಳಿಯನ್ನು ಎರಡು ಪಟ್ಟಿಯಲ್ಲಿ ಅಳೆಯುತ್ತದೆ, ನಡುವೆ ಖಾಲಿ. ನಮಗೆ ಬೇಕಾದ ಕೇಂದ್ರ ಎಷ್ಟೋ ಸಲ ಆ ಖಾಲಿ ಜಾಗದಲ್ಲೇ ಕೂತಿರುತ್ತದೆ!

ಕೊನೆಗೆ ಹವಾಮಾನ ವಿಜ್ಞಾನಿ ರಾಬರ್ಟ್ ಹಾರ್ಟ್ ರೂಪಿಸಿದ ‘ಫೇಸ್ ಡಯಾಗ್ರಾಂ’ ಅನ್ನುವ ನಕ್ಷೆ. ಬಿರುಗಾಳಿಯ ಒಡಲು ತಣ್ಣಗಿದೆಯೋ ಬೆಚ್ಚಗಿದೆಯೋ, ಆ ಬಿಸಿ ಎಷ್ಟು ಎತ್ತರದವರೆಗೆ ಇದೆ ಎಂದು ಅದರಲ್ಲಿ ಕಾಣುತ್ತದೆ. ಆದರೆ ಅದು ಕಂಪ್ಯೂಟರ್ ಮಾಡೆಲ್ ಹೇಳುವ ಮಾತು. ನಾನು ಆಸ್ಕ್ಯಾಟ್‌ಗೇ ಹೆಚ್ಚು ಬೆಲೆ ಕೊಡುತ್ತೇನೆ.

ಅಮೆರಿಕದ ನ್ಯಾಷನಲ್ ಹರಿಕೇನ್ ಸೆಂಟರ್‌ನ ವರದಿಗಳು ನಮ್ಮ ಗಡಿಯಾರದಲ್ಲಿ ಎರಡೂವರೆಗೆ ಮತ್ತು ಎಂಟೂವರೆಗೆ, ಹಗಲೂ ರಾತ್ರಿಯೂ. ಜನವರಿ 14ರ ನಡುರಾತ್ರಿ ಎರಡೂವರೆಗೆ ಆಲೆಕ್ಸ್ ಅಂತ ಹೆಸರು ಬಂತು, ಉಪೋಷ್ಣ ಬಿರುಗಾಳಿ. ಅದೇ ದಿನ ರಾತ್ರಿ ಎಂಟೂವರೆಗೆ ನೋಡಿದರೆ ಹರಿಕೇನ್, ಅಂದರೆ ಅಟ್ಲಾಂಟಿಕ್‌ನ ಪ್ರಬಲ ಚಂಡಮಾರುತ! ಜನವರಿಯಲ್ಲಿ ಹರಿಕೇನ್ ಹುಟ್ಟಿದ್ದು 1938ರ ನಂತರ ಅದೇ ಮೊದಲು.

ಸಮುದ್ರದ ನೀರು ಮಾತ್ರ 22 ಡಿಗ್ರಿ ಆಸುಪಾಸು. 26 ಡಿಗ್ರಿಯಾದರೂ ಬೇಕು ಅಂತಾರೆ ಅಲ್ವಾ? ಆ ಲೆಕ್ಕ ಉಷ್ಣವಲಯದ್ದು. ಇಲ್ಲಿ ಮೇಲಿನ ಗಾಳಿ ವಿಪರೀತ ತಣ್ಣಗಿತ್ತು. ಕೆಳಗೂ ಮೇಲೂ ಅಷ್ಟು ಅಂತರ ಇದ್ದರೆ ಗುಡುಗು ಮೋಡ ಏಳಲು ಆ ನೀರೇ ಸಾಕು. ಮರುದಿನ ಅದು ಪೋರ್ಚುಗಲ್‌ಗೆ ಸೇರಿದ ಅಜೋರ್ಸ್ ದ್ವೀಪಸಮೂಹದ ಟೆರ್ಸೇರಾ ದ್ವೀಪದ ಮೇಲೆ ಹಾದಾಗ ಹರಿಕೇನ್ ಆಗಿ ಉಳಿದಿರಲಿಲ್ಲ.

ಕಣದಲ್ಲಿ ಕಾಫಿ ಒಣಹಾಕಿದ್ದ ಪಕ್ಕದ ತೋಟದವರು ಕೇಳಿದ್ದು ಒಂದೇ: ‘ನಮ್ಮ ಕಣಕ್ಕೆ ಮಳೆ ಇದೆಯಾ?’. ಇರಲಿಲ್ಲ. ಆದರೆ 2024ರ ನವೆಂಬರ್ 30ಕ್ಕೆ ಫೆಂಜಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಹತ್ತಿ, ಬಲ ಕಳೆದುಕೊಂಡು ಒಳನಾಡಿನ ಮೇಲಿಂದ ಅರಬ್ಬಿ ಸಮುದ್ರದ ಕಡೆ ಹೊರಟಾಗ ಅದೇ ಪ್ರಶ್ನೆ ಮತ್ತೆ ಬಂತು. ಈ ಸಲ, ಮೊದಲು ಟಾರ್ಪಾಲ್ ಹೊದಿಸಿ, ಆಮೇಲೆ ಮಾತಾಡೋಣ ಅಂದೆ.