ಪಿಕಪ್ ಎಂಜಿನ್‌ನಲ್ಲಿ ‘ಟಿಕ್ ಟಿಕ್’: ಮೊದಲು ಕಿವಿ, ಆಮೇಲೆ ಪಾನಾ

ತೊಗರಿ ರಾಶಿ ಮುಗಿದು ಗಂಜ್‌ಗೆ (ಕೃಷಿ ಮಾರುಕಟ್ಟೆಗೆ) ಮಾಲು ಹೊರುವ ದಿನಗಳಲ್ಲಿ ಕಲಬುರಗಿ, ಯಾದಗಿರಿ ಕಡೆಯ ಪಿಕಪ್‌ಗಳಿಗೆ ಬಿಡುವೇ ಇರುವುದಿಲ್ಲ. ಓವರ್‌ಲೋಡ್, ಸಮಯಕ್ಕೆ ಬದಲಾಗದ ಆಯಿಲ್, ಎರೆಮಣ್ಣಿನ ಧೂಳು ಮೂರೂ ಸೇರಿದರೆ ಒಂದು ದಿನ ಎಂಜಿನ್ ಮೇಲ್ಭಾಗದಿಂದ ಟಿಕ್ ಟಿಕ್ ಶುರು. ‘ಟ್ಯಾಪೆಟ್ ಹೊಡಿಲತ್ತದ್ರಿ, ಜರಾ ಟೈಟ್ ಮಾಡಿದ್ರ ಮುಗೀತು’ ಎಂದು ಪಾನಾ ಹಿಡಿಯುವವರು ಬಹಳ. ಹೀಗೆ ಅಂದಾಜಿನ ಮೇಲೆ ಟೈಟ್ ಮಾಡಿಯೇ ಎಷ್ಟೋ ಹೆಡ್‌ಗಳು (ವಾಲ್ವ್‌ಗಳಿರುವ ಎಂಜಿನ್ ಮೇಲ್ಭಾಗ) ಹಾಳಾಗಿವೆ. ಟ್ಯಾಪೆಟ್ ಅಂದರೆ ವಾಲ್ವ್ ಒತ್ತಿ ತೆರೆಯುವ ಭಾಗ. ಅದಕ್ಕೂ ವಾಲ್ವ್‌ಗೂ ನಡುವೆ ಬೇಕಾದುದು ಸರಿಯಾದ ಗ್ಯಾಪ್. ಆವಾಜು ಅಡಗಿತೆಂದರೆ ಗ್ಯಾಪ್ ಸರಿಯಾಯಿತೆಂದು ಅರ್ಥವಲ್ಲ.

ಮೊದಲು ಡಿಪ್‌ಸ್ಟಿಕ್

ಸಮತಟ್ಟಾದ ಜಾಗದಲ್ಲಿ ಎಂಜಿನ್ ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು ಆಯಿಲ್ ನೋಡಿ. ಮಿನಿಮಮ್ ಗೆರೆಗಿಂತ ಕೆಳಗಿದ್ದರೆ ಟಾಪ್‌ಅಪ್ ಮಾಡಿ, ಮತ್ತೆ ಕೇಳಿ. ಕೆಲವೊಮ್ಮೆ ಕೆಲಸ ಇಲ್ಲಿಗೇ ಮುಗಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಐದಾರು ಸೆಕೆಂಡ್ ಟಿಕ್ ಎಂದು ನಿಲ್ಲುತ್ತಿದ್ದರೆ ಅಗ್ಗದ ಆಯಿಲ್ ಫಿಲ್ಟರ್ ಮೇಲೆ ಅನುಮಾನವಿಡಿ. ಒಳಗಿನ ರಬ್ಬರ್ ವಾಲ್ವ್ ಸರಿಯಿಲ್ಲದ ಫಿಲ್ಟರ್‌ನಲ್ಲಿ ರಾತ್ರಿಯೆಲ್ಲ ಆಯಿಲ್ ಕೆಳಗಿಳಿದು, ಬೆಳಿಗ್ಗೆ ಮೇಲಿನ ಭಾಗಗಳು ಒಂದಿಷ್ಟು ಹೊತ್ತು ಒಣಗಿಯೇ ಓಡುತ್ತವೆ.

ಆವಾಜು ಅಡಗಿಸಲು ಎಂಜಿನ್‌ಗೆ 90 ನಂಬರಿನ ಗೇರ್ ಆಯಿಲ್ ಬೆರೆಸುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಬೇಡ. ದಪ್ಪ ಆಯಿಲ್ ಟಿಕ್ ಅನ್ನು ಮುಚ್ಚುತ್ತದೆ, ಆದರೆ ತಣ್ಣನೆಯ ಸ್ಟಾರ್ಟ್‌ನಲ್ಲಿ ರಾಕರ್‌ವರೆಗೆ (ಮೇಲೆ ವಾಲ್ವ್ ಒತ್ತುವ ಸನ್ನೆಯವರೆಗೆ) ಬೇಗ ಏರುವುದಿಲ್ಲ. ಡ್ರಮ್ಮಿನಿಂದ ಅಳೆದು ಕೊಡುವ ಲೂಸ್ ಆಯಿಲ್ ಕೂಡ ಬೇಡ. ಹಳೆಯ ಡೀಸೆಲ್ ಪಿಕಪ್‌ಗಳಿಗೆ ಸಾಮಾನ್ಯವಾಗಿ 15W-40, ಸಿಐ-4 ದರ್ಜೆಯದು ಸಾಕು. ಬಿಎಸ್-6 ಗಾಡಿಗೆ ಪುಸ್ತಕದಲ್ಲಿ ಬರೆದ ಗ್ರೇಡನ್ನೇ ಹಾಕಿ.

ಆವಾಜು ಎಲ್ಲಿಂದ?

ಉದ್ದನೆಯ ಸ್ಕ್ರೂಡ್ರೈವರ್‌ನ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ತುದಿಯನ್ನು ಎಂಜಿನ್‌ಗೆ ತಾಗಿಸಿ. ಫ್ಯಾನ್, ಬೆಲ್ಟಿನಿಂದ ದೂರವಿರಿ. ಹೆಗಲ ಮೇಲಿನ ಟವೆಲ್ ಮೊದಲು ತೆಗೆದಿಡಿ. ವಾಲ್ವ್ ಕವರ್ ಮೇಲೆ ಸ್ಪಷ್ಟವಾಗಿ ಕೇಳಿಸಿದರೆ ಟ್ಯಾಪೆಟ್ ಇರಬಹುದು. ವಾಲ್ವ್‌ಗಳನ್ನು ನಡೆಸುವ ಕ್ಯಾಮ್‌ಶಾಫ್ಟ್ ಎಂಜಿನ್‌ನ ಅರ್ಧ ವೇಗದಲ್ಲಿ ತಿರುಗುವುದರಿಂದ ಟ್ಯಾಪೆಟ್ ಟಿಕ್ ಸ್ವಲ್ಪ ನಿಧಾನದ ತಾಳದಲ್ಲಿರುತ್ತದೆ.

ಕೆಳಗೆ ಆಯಿಲ್ ತುಂಬಿರುವ ಚೇಂಬರಿನಿಂದ ಭಾರವಾದ ‘ಠಕ್ ಠಕ್’ ಬರುತ್ತಿದೆಯೇ? ಎಕ್ಸಲೇಟರ್ ಕೊಟ್ಟು ಬಿಟ್ಟಾಗ ಹೆಚ್ಚುತ್ತದೆಯೇ? ಅದು ಕನೆಕ್ಟಿಂಗ್ ರಾಡ್ ಬೇರಿಂಗ್ ಇರಬಹುದು. ಎಂಜಿನ್ ತಕ್ಷಣ ಬಂದ್ ಮಾಡಿ, ಗ್ಯಾರೇಜಿಗೆ ಟೋ ಮಾಡಿಸಿ.

ತಣ್ಣಗಿದ್ದಾಗ ಜೋರಾಗಿದ್ದು ಬಿಸಿಯಾದ ಮೇಲೆ ಕಡಿಮೆಯಾದರೆ ಹೊಗೆ ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ನೋಡಿ. ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿ, ಮುರಿದ ಸ್ಟಡ್ ಕಂಡರೆ ಕಾರಣ ಅದೇ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಉರಿಯುವ ಊದುಬತ್ತಿಯನ್ನು ಆ ಜಾಯಿಂಟ್ ಬಳಿ ಹಿಡಿದರೆ ಲೀಕ್ ಇದ್ದಲ್ಲಿ ಹೊಗೆ ಚಿಮ್ಮಿ ಚದುರುತ್ತದೆ. ಸಿಎನ್‌ಜಿ, ಪೆಟ್ರೋಲ್ ಗಾಡಿಗೂ, ಡೀಸೆಲ್ ಸೋರುತ್ತಿರುವ ಗಾಡಿಗೂ ಈ ಪರೀಕ್ಷೆ ಬೇಡ.

ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ಬುಡದಲ್ಲಿ ಡಾಂಬರಿನಂಥ ಕಪ್ಪು ಕಾರ್ಬನ್ ಕಟ್ಟಿದ್ದರೆ ತಾಮ್ರದ ವಾಷರ್ ಹೋಗಿದೆ. ಹೊಸದನ್ನೇ ಹಾಕಿ, ಹಳೆಯದನ್ನು ಕಾಯಿಸಿ ತಿರುಗಿ ಹಾಕುವ ಉಳಿತಾಯ ಬೇಡ.

ಇಲ್ಲೊಂದು ಜೀವದ ಮಾತು. ಹಳೆಯ ಪಂಪಿನ ಎಂಜಿನ್‌ಗಳಲ್ಲಿ ಓಡುವಾಗಲೇ ಡೀಸೆಲ್ ಪೈಪಿನ ನಟ್ ಸಡಿಲಿಸಿ ಯಾವ ಸಿಲಿಂಡರ್ ಎಂದು ಪತ್ತೆ ಮಾಡುತ್ತಿದ್ದರು. ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದ ಡೀಸೆಲ್ ಕೊಡುವ ಕಾಮನ್ ರೈಲ್ ಎಂಜಿನ್‌ನಲ್ಲಿ ಹಾಗೆ ಮಾಡಲೇಬಾರದು. ಒಳಗಿನ ಒತ್ತಡ 1,000 ಬಾರ್ ದಾಟುತ್ತದೆ. ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಹೊಕ್ಕರೆ ಬೆರಳನ್ನೇ ತೆಗೆಯಬೇಕಾಗಬಹುದು. ಸ್ಕ್ಯಾನರ್ ಇದ್ದವರ ಹತ್ತಿರ ಹೋಗಿ ಒಂದೊಂದೇ ಸಿಲಿಂಡರ್ ಬಂದ್ ಮಾಡಿಸಿ ಕೇಳಿ. ಹಾಗೆ ಬಂದ್ ಮಾಡಿದಾಗಲೂ ಬದಲಾಗದ ಟಿಕ್ ಹೆಚ್ಚಾಗಿ ಟ್ಯಾಪೆಟ್‌ನದು.

ಟ್ಯಾಪೆಟ್ ಸೆಟ್ಟಿಂಗ್

ಅವಸರ ಮಾಡಬಾರದ ಹಂತ ಇದು. ಬಹುತೇಕ ಎಂಜಿನ್‌ಗಳ ಗ್ಯಾಪ್ ಅಳತೆಯನ್ನು ತಣ್ಣನೆಯ ಸ್ಥಿತಿಗೆ ಕೊಟ್ಟಿರುತ್ತಾರೆ. ಮೇ ತಿಂಗಳ ನಮ್ಮ ಬಿಸಿಲಲ್ಲಿ ನಿಂತ ಗಾಡಿಯ ಎಂಜಿನ್ ಓಡದಿದ್ದರೂ ತಣ್ಣಗಿರುವುದಿಲ್ಲ. ರಾತ್ರಿ ನೆರಳಲ್ಲಿ ನಿಲ್ಲಿಸಿ ನಸುಕಿನಲ್ಲೇ ಕೆಲಸ ಹಿಡಿಯಿರಿ. ಬ್ಯಾಟರಿಯ ಮೈನಸ್ ವೈರ್ ತೆಗೆಯಿರಿ. ಕವರ್ ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನು ಗಾಳಿ ಹೊಡೆದು ತೆಗೆಯಿರಿ. ಸೇಡಂ, ಮಳಖೇಡ ಕಡೆ ಓಡುವ ಗಾಡಿಗಳ ಮೇಲೆ ಸಿಮೆಂಟ್ ಧೂಳು ಗಟ್ಟಿಯಾಗಿ ಕೂತಿರುತ್ತದೆ. ಅದು ಹೆಡ್ ಒಳಗೆ ಬಿದ್ದರೆ ಕ್ಯಾಮ್ ಉಜ್ಜಿಹೋಗುತ್ತದೆ.

ಕವರ್ ತೆಗೆದ ಮೇಲೆ ರಾಕರ್ ತುದಿಯಲ್ಲಿ ಸ್ಕ್ರೂ, ಲಾಕ್ ನಟ್ ಕಂಡರೆ ಕೈಯಿಂದ ಸೆಟ್ ಮಾಡುವ ಮಾದರಿ. ಇಲ್ಲದಿದ್ದರೆ ಹೈಡ್ರಾಲಿಕ್ (ಆಯಿಲ್ ಒತ್ತಡದಿಂದ ತಾನೇ ಗ್ಯಾಪ್ ಹೊಂದಿಸಿಕೊಳ್ಳುವುದು) ಅಥವಾ ಶಿಮ್ (ತೆಳು ಬಿಲ್ಲೆಯಿಂದ ಗ್ಯಾಪ್ ಹೊಂದಿಸುವುದು) ಇರುತ್ತದೆ. ಆಗ ಕವರ್ ಮುಚ್ಚಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿ ಓಡಿಸಿ ನೋಡಿ, ಆಮೇಲೂ ಹೋಗದಿದ್ದರೆ ಅನುಭವಿಗೆ ತೋರಿಸಿ.

ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ, ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಿ. 1-3-4-2 ಫೈರಿಂಗ್ ಆರ್ಡರಿನ (ಸಿಲಿಂಡರ್‌ಗಳು ಉರಿಯುವ ಸರದಿ) ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ 1 ಮತ್ತು 4 ಜೋಡಿ, 2 ಮತ್ತು 3 ಜೋಡಿ. 4ನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತ ಇನ್‌ಟೇಕ್ ತೆರೆಯುತ್ತ ಇರುವ ಹೊತ್ತಿನಲ್ಲಿ 1ನೇ ಸಿಲಿಂಡರಿನ ಎರಡೂ ರಾಕರ್ ಸಡಿಲವಾಗಿರುತ್ತವೆ. ಆಗ 1ನ್ನು ಸೆಟ್ ಮಾಡಿ. ಅರ್ಧ ಸುತ್ತು ತಿರುಗಿಸಿ. 2ರ ವಾಲ್ವ್‌ಗಳು ಹೀಗೆ ಅಲುಗುವಾಗ 3ನ್ನು ಸೆಟ್ ಮಾಡಿ. ಮತ್ತರ್ಧ, 1 ಅಲುಗುವಾಗ 4. ಮತ್ತರ್ಧ, 3 ಅಲುಗುವಾಗ 2.

ಮುಟ್ಟುವ ಮೊದಲು ಪ್ರತಿ ವಾಲ್ವ್‌ನ ಈಗಿನ ಗ್ಯಾಪ್ ಅಳೆದು ಕಾಗದದ ಮೇಲೆ ಬರೆದಿಡಿ. ಸರಿಯಾದ ಅಳತೆ ಎಂಜಿನ್‌ನಿಂದ ಎಂಜಿನ್‌ಗೆ ಬೇರೆ, ಪುಸ್ತಕ ನೋಡಿಯೇ ತಿಳಿಯಿರಿ. ಇನ್‌ಟೇಕ್ 0.20, ಎಕ್ಸಾಸ್ಟ್ 0.30 ಮಿ.ಮೀ. ಎಂದಿದೆ ಅಂದುಕೊಳ್ಳಿ. ಇನ್‌ಟೇಕ್‌ಗೆ 0.20ರ ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಸ್ವಲ್ಪ ಹಿಡಿದ ಹಾಗೆ ಜಾರಬೇಕು, 0.25ರದು ಒಳಗೆ ಹೋಗಬಾರದು. ಸ್ಕ್ರೂ ತಿರುಗದಂತೆ ಹಿಡಿದು ಲಾಕ್ ನಟ್ ಬಿಗಿ ಮಾಡಿ, ಮತ್ತೆ ಗೇಜ್ ಹಾಕಿ ನೋಡಿ. ನಟ್ ಬಿಗಿಯುವಾಗ ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಗ್ಯಾಪ್ ಬದಲಾಗುತ್ತದೆ. ಬಹಳ ಮಂದಿ ಎಡವುವುದು ಇಲ್ಲೇ.

ರಾಕರ್ ತುದಿಯಲ್ಲಿ ಕುಳಿ ಬಿದ್ದಿದ್ದರೆ ಗೇಜ್ ಕುಳಿಯ ಎರಡು ಅಂಚಿನ ಮೇಲೆ ಕೂತು ಸುಳ್ಳು ಅಳತೆ ತೋರಿಸುತ್ತದೆ. ಅಂಥ ರಾಕರ್ ಬದಲಿಸಬೇಕು. ಅನುಮಾನವಿದ್ದಾಗ ಸ್ವಲ್ಪ ಸಡಿಲವೇ ಇರಲಿ. ಎಕ್ಸಾಸ್ಟ್ ವಾಲ್ವ್ ತನ್ನ ಹೆಚ್ಚಿನ ಬಿಸಿಯನ್ನು ಬಿಟ್ಟುಕೊಡುವುದು ಮುಚ್ಚಿ ಸೀಟಿಗೆ (ಹೆಡ್‌ನಲ್ಲಿ ವಾಲ್ವ್ ಕೂರುವ ಅಂಚಿಗೆ) ಕುಳಿತಾಗಲೇ. ಗ್ಯಾಪ್ ಸಾಲದೆ ಪೂರ್ತಿ ಮುಚ್ಚದಿದ್ದರೆ ಅಂಚು ಸುಡುತ್ತದೆ, ಕಂಪ್ರೆಷನ್ ಹೋಗುತ್ತದೆ. ಅಷ್ಟರವರೆಗೆ ಎಂಜಿನ್ ಸದ್ದೇ ಇಲ್ಲದೆ ಓಡುತ್ತಿರುತ್ತದೆ, ಡ್ರೈವರ್‌ಗೆ ಗೊತ್ತೂ ಆಗುವುದಿಲ್ಲ.

ಕವರ್‌ಗೆ ಹೊಸ ಗ್ಯಾಸ್ಕೆಟ್ ಹಾಕಿ. ಸಿಲಿಕಾನ್ ಪೇಸ್ಟ್ ಮೆತ್ತಬೇಡಿ. ಉದುರಿದ ಚೂರುಗಳು ಚೇಂಬರಿನ ಜಾಲರಿಗೆ ಸಿಕ್ಕಿ ಆಯಿಲ್ ದಾರಿ ಕಟ್ಟುತ್ತವೆ.

ಸಾವಿರ ಕಿ.ಮೀ. ಓಡಿದ ಮೇಲೆ ಮತ್ತೆ ಟಿಕ್ ಬಂದರೆ ಆ ಕಾಗದ ತೆಗೆದು ಅದೇ ವಾಲ್ವ್‌ಗಳನ್ನು ಅಳೆಯಿರಿ. ಗ್ಯಾಪ್ ಸೆಟ್ ಮಾಡಿದ್ದಕ್ಕಿಂತ ಹೆಚ್ಚಾಗಿದ್ದರೆ ಕ್ಯಾಮ್ ಅಥವಾ ರಾಕರ್ ಸವೆಯುತ್ತಿದೆ. ಟಿಕ್ ಇರಲಿ ಬಿಡಲಿ, ಗ್ಯಾಪ್ ಕಡಿಮೆಯಾಗುತ್ತ ಹೋಗಿದ್ದರೆ ವಾಲ್ವ್ ಸೀಟಿನೊಳಗೆ ಇಳಿಯುತ್ತಿದೆ. ಹೆಡ್ ಬಿಚ್ಚಿಸಬೇಕಾದುದು ಆವಾಗ.